ತಡ ಆದದ್ದು ಯಾರಿಗೆ, ತಡ ಮಾಡಿದ್ದು ಯಾರು?

ಪ್ರಶ್ನೆ: ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಪಿಎಚ್‌ಪಿಯಲ್ಲಿ ಬರೆದದ್ದು, ಡೇಟಾಬೇಸ್ ಮೈಎಸ್‌ಕ್ಯುಎಲ್ 8. ಸರ್ವರ್ ಅಂಗಡಿಯಲ್ಲೇ ಇದೆ, ಏಳು ಕಂಪ್ಯೂಟರ್‌ಗಳಿವೆ. ವರ್ಷವೆಲ್ಲ ಚೆನ್ನಾಗಿ ಓಡುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಾತ್ರ, ಬೆಳಿಗ್ಗೆ ಹನ್ನೊಂದರ ಮೇಲೆ ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಕೊಡಲು ಶುರು ಮಾಡಿದರೆ, ‘ಉಳಿಸಿ’ ಒತ್ತಿದ ಮೇಲೆ ನಲವತ್ತು ಸೆಕೆಂಡ್ ಸುಮ್ಮನೆ ತಿರುಗುತ್ತದೆ. ಕೆಲವೊಮ್ಮೆ ಎರರ್ ಬಂದು ನಿಂತೇಹೋಗುತ್ತದೆ. ರ್‍ಯಾಮ್ 8 ಜಿಬಿಯಿಂದ 16ಕ್ಕೆ ಏರಿಸಿದೆ, ಏನೂ ಆಗಲಿಲ್ಲ. ಡೇಟಾಬೇಸಿಗೆ ಬರುವ ಕ್ವೆರಿಗಳನ್ನೆಲ್ಲ (ಅದಕ್ಕೆ ಕೊಡುವ ಆದೇಶಗಳನ್ನೆಲ್ಲ) ಬರೆದಿಡುವ ಜನರಲ್ ಲಾಗ್ ಹಾಕಿದೆ, ಡಿಸ್ಕ್ ತುಂಬಿತು. ತಡವಾದ ಕ್ವೆರಿಗಳನ್ನಷ್ಟೇ ಬರೆದಿಡುವ ಸ್ಲೋ ಲಾಗ್ ಹಾಕಿದರೆ ಹೆಚ್ಚೂಕಡಿಮೆ ಬರೀ ಒಂದೇ ಕ್ವೆರಿ ಬರುತ್ತದೆ, ಅದೂ ಒಂದೇ ಸಾಲಿರುವ ಟೇಬಲ್ಲಿನ ಮೇಲೆ. ಅದಕ್ಕೆ ಯಾವ ಇಂಡೆಕ್ಸ್ ಹಾಕಬೇಕು? ಲಾಗ್‌ನ ತುಣುಕು ಕಳುಹಿಸಿದ್ದೇನೆ.

ಉತ್ತರ: ಯಾವ ಇಂಡೆಕ್ಸೂ ಬೇಡ. ಇಂಡೆಕ್ಸ್ ಇರುವುದು ಬೇಕಾದ ಸಾಲನ್ನು ಬೇಗ ಹುಡುಕಲು. ಒಂದು ಸಾಲಿನ ಟೇಬಲ್ಲಿಗೆ ಇಂಡೆಕ್ಸ್ ಹಾಕುವುದು ಒಂದೇ ಕೋಣೆಯ ಮನೆಯಲ್ಲಿ ದಾರಿ ತೋರಿಸುವ ಬೋರ್ಡು ನೆಟ್ಟ ಹಾಗೆ. ನಿಮ್ಮ ಸ್ಲೋ ಲಾಗ್ ಸುಳ್ಳು ಹೇಳುತ್ತಿಲ್ಲ. ಆದರೆ ನೀವು ಅದನ್ನು ಕೇಳುತ್ತಿರುವುದು ‘ತಡ ಯಾರಿಂದ?’ ಎಂದು, ಅದು ಬರೆದಿಟ್ಟಿರುವುದು ‘ತಡ ಯಾರಿಗೆ?’ ಎಂದು. ಈ ಎರಡೂ ಒಂದೇ ಅಂದುಕೊಂಡು ವಾರಗಟ್ಟಲೆ ಕಳೆದವರನ್ನು ನೋಡಿದ್ದೇನೆ. ನಾನೂ ಕಳೆದಿದ್ದೇನೆ.

ನೀವು ಕಳುಹಿಸಿದ ಒಂದು ನಮೂದನ್ನು ಮೊದಲು ಓದೋಣ. ‘ಪಟ್ಟಿ_ಕ್ರಮಾಂಕ’ ಟೇಬಲ್ಲಿನಿಂದ ಕೊನೆಯ ಸಂಖ್ಯೆಯನ್ನು ‘ಫಾರ್ ಅಪ್‌ಡೇಟ್’ ಹಾಕಿ, ಅಂದರೆ ನಿಮ್ಮ ಕೆಲಸ ಮುಗಿಯುವವರೆಗೆ ಬೇರೆಯವರು ಆ ಸಾಲು ಹಿಡಿಯದಂತೆ ಬೀಗ ಹಾಕಿ, ಸೆಲೆಕ್ಟ್ ಮಾಡಿದ್ದೀರಿ. ಕ್ವೆರಿ_ಟೈಮ್ 31.4. ರೋಸ್_ಎಕ್ಸಾಮಿನ್ಡ್ 1, ರೋಸ್_ಸೆಂಟ್ 1. ಅಂದರೆ ಒಂದು ಸಾಲು ನೋಡಿ ಒಂದು ಸಾಲು ಕೊಡಲು ಮೂವತ್ತೊಂದು ಸೆಕೆಂಡು. ಯಾವ ಹಳೆಯ ಕಂಪ್ಯೂಟರೂ ಇಷ್ಟು ಸೋಮಾರಿಯಲ್ಲ. ಸಮಯ ಜಾಸ್ತಿ, ಮುಟ್ಟಿದ ಸಾಲು ಕಡಿಮೆ ಎಂದಾಗ ಆ ಕ್ವೆರಿ ಹೆಚ್ಚಾಗಿ ಕೆಲಸ ಮಾಡುತ್ತಿರಲಿಲ್ಲ, ಸರದಿಯಲ್ಲಿ ನಿಂತಿತ್ತು. ಇದಕ್ಕೆ ವಿರುದ್ಧವಾಗಿ ಆರು ಲಕ್ಷ ಸಾಲು ನೋಡಿ ಒಂದು ಸಾಲು ಕೊಟ್ಟಿದ್ದರೆ, ಆಗ ಇಂಡೆಕ್ಸಿನ ಮಾತು ಎತ್ತಬಹುದಿತ್ತು.

ಯಾರ್ಡಿನಲ್ಲಿ ದಿನಾ ಕಾಣುವುದೇ ಇದು. ವೇ ಬ್ರಿಡ್ಜ್ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ, ತೂಕದ ಚೀಟಿ ಕೈಗೆ ಬಂದ ಮೇಲೂ ಗಾಡಿ ಇಳಿಸದೆ, ಡ್ರೈವರ್ ಚಹಾ ಕುಡಿಯಲು ಹೋದ ಅಂತಿಟ್ಟುಕೊಳ್ಳಿ. ಹಿಂದೆ ಐದಾರು ಗಾಡಿ. ‘ಯಾರು ಹೆಚ್ಚು ಹೊತ್ತು ಕಾದರು’ ಎಂದು ನೀವು ಪಟ್ಟಿ ಬರೆದರೆ ಅದರಲ್ಲಿ ಹಿಂದಿನವರ ಹೆಸರೆಲ್ಲ ಇರುತ್ತದೆ. ಚಹಾ ಕುಡಿಯಲು ಹೋದವನದು ಮಾತ್ರ ಇರುವುದಿಲ್ಲ. ಅವನ ತೂಕ ಒಂದೇ ನಿಮಿಷಕ್ಕೆ ಮುಗಿದಿತ್ತಲ್ಲ.

ಈಗ ನಿಮ್ಮ ತುಣುಕಿನಲ್ಲಿ ಒಂದಾದ ಮೇಲೊಂದು ಬಂದಿರುವ ಐದು ಅಂಕಿಗಳನ್ನು ಸಾಲಾಗಿ ಬರೆಯುತ್ತೇನೆ: 12.1, 18.2, 24.5, 31.4, 37.0. ಏನಾದರೂ ಕಂಡಿತೇ? ಒಂದರಿಂದ ಮುಂದಿನದಕ್ಕೆ ಆರು ಸೆಕೆಂಡಿನ ಆಜುಬಾಜು ಏರುತ್ತಾ ಹೋಗಿದೆ. ಮೈಎಸ್‌ಕ್ಯುಎಲ್‌ನಲ್ಲಿ ‘ಲಾಂಗ್_ಕ್ವೆರಿ_ಟೈಮ್’ ತಾನಾಗಿ ಇರುವುದು 10 ಸೆಕೆಂಡಿಗೆ. ನೀವು ಅದನ್ನು ಬದಲಿಸಿಲ್ಲ. ಹಾಗಾಗಿ ಆರು ಸೆಕೆಂಡ್ ಕಾದವನೊಬ್ಬ ಈ ಲಾಗ್‌ಗೆ ಬಂದಿಲ್ಲ, ಏನೂ ಕಾಯದೆ ಮೊದಲು ಹೋದವನೂ ಬಂದಿಲ್ಲ. ಐದಕ್ಕೆ ಆ ಇಬ್ಬರನ್ನು ಸೇರಿಸಿ: ಏಳು. ನಿಮ್ಮ ಅಂಗಡಿಯ ಕಂಪ್ಯೂಟರ್‌ಗಳೂ ಏಳೇ. ಅಂದರೆ ಏಳು ಜನ ಸುಮಾರು ಒಂದೇ ಹೊತ್ತಿಗೆ ‘ಉಳಿಸಿ’ ಒತ್ತಿದ್ದಾರೆ, ಒಬ್ಬೊಬ್ಬರೂ ಆ ಒಂದು ಸಾಲಿನ ಬೀಗ ಹಿಡಿದುಕೊಂಡು ಆರಾರು ಸೆಕೆಂಡ್ ಕೂತಿದ್ದಾರೆ.

ನಡುನಡುವೆ ಬರುವ ಎರರ್‌ಗೂ ಇದೇ ಕಾರಣ ಇರಬೇಕು. ಮೈಎಸ್‌ಕ್ಯುಎಲ್ ಒಳಗೆ ಡೇಟಾ ನೋಡಿಕೊಳ್ಳುವ ಇನ್ನೋಡಿಬಿ ಎಂಜಿನ್‌ನಲ್ಲಿ ಸಾಲಿನ ಬೀಗಕ್ಕಾಗಿ ಕಾಯುವ ಮಿತಿ ತಾನಾಗಿ 50 ಸೆಕೆಂಡ್; ಅದು ಮೀರಿದರೆ 1205 ಎಂಬ ಎರರ್ ಬರುತ್ತದೆ. ಏಳು ಜನರಿಗೆ ಐವತ್ತು ದಾಟುವುದಿಲ್ಲ ನಿಜ. ಆದರೆ ಎದುರಿಗೆ ರೈತ ನಿಂತಿರುವಾಗ ನಲವತ್ತು ಸೆಕೆಂಡ್ ಸುಮ್ಮನಿರುವ ಗುಮಾಸ್ತ ಎಲ್ಲಿದ್ದಾನೆ? ಇನ್ನೊಮ್ಮೆ ಒತ್ತುತ್ತಾನೆ. ಮೊದಲು ಒತ್ತಿದ್ದು ಸರದಿಯಲ್ಲೇ ಇರುತ್ತದೆ, ಎರಡನೆಯದು ಅದರ ಹಿಂದೆ ಹೋಗಿ ನಿಲ್ಲುತ್ತದೆ.

ಹಾಗಾದರೆ ಆ ಆರು ಸೆಕೆಂಡ್ ಏನು? ನಿಮ್ಮ ಕೋಡ್ ನಾನು ನೋಡಿಲ್ಲ. ಆದರೆ ಇದೇ ರೋಗವನ್ನು ಹಿಂದೆ ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯಲ್ಲಿ ನೋಡಿದ್ದೆ. ಶೇಂಗಾ ಲೋಡ್ ಬಂದಾಗ ಕೊಡುವ ರಸೀದಿ, ಅಲ್ಲೂ ಕ್ರಮಸಂಖ್ಯೆಯ ಟೇಬಲ್ಲು, ಅಲ್ಲೂ ಸುಗ್ಗಿಯಲ್ಲಿ ಮಾತ್ರ ತಡ. ಸರ್ವರ್ ಬದಲಿಸಿದರು, ಸ್ವಿಚ್ ಬದಲಿಸಿದರು, ಕೇಬಲ್ ಹೊಸದಾಗಿ ಎಳೆಸಿದರು. ಕೊನೆಗೆ ಒಂದು ರಸೀದಿಯ ಪೂರ್ತಿ ಟ್ರೇಸ್ (ಒಂದೊಂದು ಕ್ವೆರಿಗೂ ಹಿಡಿದ ಹೊತ್ತಿನ ದಾಖಲೆ) ತೆಗೆದು ನೋಡಿದರೆ ಹದಿನಾಲ್ಕು ಕ್ವೆರಿ, ಎಲ್ಲ ಸೇರಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ. ಆದರೆ ಒಂಬತ್ತನೆಯ ಕ್ವೆರಿ ಮುಗಿದು ಹತ್ತನೆಯದು ಶುರುವಾಗುವ ನಡುವೆ ಐದು ಸೆಕೆಂಡಿಗೂ ಹೆಚ್ಚು ಮೌನ. ಆ ಮೌನದಲ್ಲಿ ಪ್ರೋಗ್ರಾಮ್ ಪೂರೈಕೆದಾರರಿಗೆ ಎಸ್‌ಎಂಎಸ್ ಕಳುಹಿಸುತ್ತಿತ್ತು. ಎಸ್‌ಎಂಎಸ್ ಗೇಟ್‌ವೇ ‘ಸರಿ’ ಎನ್ನುವವರೆಗೂ ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಎಂದು ಒಟ್ಟು ಕಟ್ಟಿದ ಕ್ವೆರಿಗಳ ಗಂಟು) ತೆರೆದೇ ಇತ್ತು, ಕ್ರಮಸಂಖ್ಯೆಯ ಬೀಗ ಕೈಯಲ್ಲೇ ಇತ್ತು. ಆ ಕೋಡ್ ಬರೆದವನು ಯಾರೆಂದು ಕೇಳಬೇಡಿ. ಸ್ವಿಚ್ಚಿನ ದುಡ್ಡು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ನಿಮ್ಮಲ್ಲಿ ಅದು ಎಸ್‌ಎಂಎಸ್ ಇರಬಹುದು, ವಾಟ್ಸಾಪ್ ಸಂದೇಶ ಇರಬಹುದು, ಪಿಡಿಎಫ್ ತಯಾರಿಸುವುದು ಇರಬಹುದು. ಊಹೆಯ ಮೇಲೆ ಕೋಡ್ ತಿದ್ದಬೇಡಿ. ಒಂದು ಬೆಳಿಗ್ಗೆ ಹತ್ತು ನಿಮಿಷ ಟ್ರೇಸ್ ತೆಗೆದರೆ ಸಾಕು.

ಟ್ರೇಸ್ ತೆಗೆಯಲು ಜನರಲ್ ಲಾಗ್ ಯಾಕೆ ಒದಗುವುದಿಲ್ಲ ಎಂದರೆ, ಡಿಸ್ಕ್ ತುಂಬುತ್ತದೆ ಎಂಬುದೊಂದೇ ಕಾರಣವಲ್ಲ. ಕ್ವೆರಿ ಬಂದು ಬಾಗಿಲು ತಟ್ಟಿದ ಕೂಡಲೇ ಜನರಲ್ ಲಾಗ್ ಅದನ್ನು ಬರೆದುಬಿಡುತ್ತದೆ. ಮುಗಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಅದರಲ್ಲಿ ಇರುವುದೇ ಇಲ್ಲ. ಮೊತ್ತದ ಕಾಲಂ ಇಲ್ಲದ ಕಿರ್ದಿ ಪುಸ್ತಕ ಅದು. ನಿಮಗೆ ಬೇಕಾದದ್ದು ಸ್ಲೋ ಲಾಗೇ, ಆದರೆ ಲಾಂಗ್_ಕ್ವೆರಿ_ಟೈಮ್ ಅನ್ನು ಸೊನ್ನೆಗೆ ಇಳಿಸಿ. ಆಗ ‘ನಿಧಾನ’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಪ್ರತಿಯೊಂದು ಕ್ವೆರಿಯೂ ತನ್ನ ಹೊತ್ತು, ತಾನು ನೋಡಿದ ಸಾಲುಗಳ ಲೆಕ್ಕದ ಸಮೇತ ಬಂದು ಕೂರುತ್ತದೆ. ಹನ್ನೊಂದು ಗಂಟೆಗೆ ಹಾಕಿ, ಹನ್ನೊಂದೂ ಹತ್ತಕ್ಕೆ ತೆಗೆಯಿರಿ. ‘ಸೆಟ್ ಗ್ಲೋಬಲ್’ ಎಂದು ಹಾಕಿದರೆ ಸರ್ವರ್ ಮರುಚಾಲನೆ ಬೇಡ. ತೆಗೆಯಲು ಮರೆತರೂ ಮುಂದಿನ ಸಲ ಸರ್ವರ್ ಶುರುವಾದಾಗ ಹಳೆಯ ಬೆಲೆಗೇ, ಅಂದರೆ ಹತ್ತು ಸೆಕೆಂಡಿಗೇ, ಮರಳುತ್ತದೆ. ಆದರೆ ಅಷ್ಟರೊಳಗೆ ಡಿಸ್ಕ್ ತುಂಬಬಹುದು, ಅದಕ್ಕೇ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಗ್ಲೋಬಲ್ ಬೆಲೆ ಬದಲಿಸಿದರೆ ಅದು ಹೊಸದಾಗಿ ಬರುವ ಕನೆಕ್ಷನ್‌ಗಳಿಗೆ ಮಾತ್ರ ಅನ್ವಯ. ಆಗಲೇ ತೆರೆದಿರುವ ಕನೆಕ್ಷನ್ ಹಳೆಯ ಬೆಲೆಯನ್ನೇ ಇಟ್ಟುಕೊಂಡಿರುತ್ತದೆ. ನಿಮ್ಮದು ಪಿಎಚ್‌ಪಿ, ಪರ್ಸಿಸ್ಟೆಂಟ್ (ಮುಚ್ಚದೆ ತೆರೆದೇ ಇಡುವ) ಕನೆಕ್ಷನ್ ಬಳಸದಿದ್ದರೆ ಪ್ರತಿ ಕ್ಲಿಕ್ಕಿಗೂ ಹೊಸ ಕನೆಕ್ಷನ್, ಹಾಗಾಗಿ ತೊಂದರೆಯಿಲ್ಲ. ಬೆಳಿಗ್ಗೆ ತೆರೆದು ಸಂಜೆ ಮುಚ್ಚುವ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಆಗಿದ್ದರೆ ಅದನ್ನು ಒಮ್ಮೆ ಮುಚ್ಚಿ ತೆರೆಯಬೇಕಾಗುತ್ತಿತ್ತು. ಎರಡನೆಯದು ಗಡಿಯಾರ. ಮೈಎಸ್‌ಕ್ಯುಎಲ್ ಲಾಗ್‌ನ ಸಮಯ ತಾನಾಗಿ ಯುಟಿಸಿಯಲ್ಲಿರುತ್ತದೆ. ನಮ್ಮ 11:18 ಅಲ್ಲಿ 05:48. ‘ಬೆಳಗಿನ ಜಾವ ಐದೂ ಮುಕ್ಕಾಲಿಗೆ ಯಾರು ಬಿಲ್ ಹಾಕಿದರು’ ಎಂದು ಮಾಲೀಕರು ನಿಮ್ಮನ್ನು ಕೇಳುವ ಮೊದಲು ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಲಾಗ್ ಸಿಕ್ಕಿತು. ಈಗ ಅದನ್ನು ಮೇಲಿನಿಂದ ಕೆಳಗೆ ಓದಬೇಡಿ. ಏಳು ಜನರ ಮಾತು ಅದರಲ್ಲಿ ಕಲಸಿಹೋಗಿರುತ್ತದೆ. ಪ್ರತಿ ನಮೂದಿನಲ್ಲೂ ಯೂಸರ್ ಹೆಸರಿನ ಪಕ್ಕ ‘ಐಡಿ’ ಎಂದೊಂದು ಅಂಕಿ ಇರುತ್ತದೆ, ಅದು ಕನೆಕ್ಷನ್‌ನ ಸಂಖ್ಯೆ. ನಿಮ್ಮ ಪಾಲಿಗೆ ಒಂದು ಐಡಿ ಎಂದರೆ ಒಬ್ಬ ಗುಮಾಸ್ತನ ಒಂದು ಕ್ಲಿಕ್ಕು. ಒಂದು ಪಟ್ಟಿಯ ಐಡಿ ಹಿಡಿದು ಅದರ ನಮೂದುಗಳನ್ನಷ್ಟೇ ಬೇರೆ ಫೈಲಿಗೆ ತೆಗೆಯಿರಿ. ಹತ್ತೋ ಇಪ್ಪತ್ತೋ ಇರುತ್ತವೆ.

ಆಮೇಲೆ ಕಾಗದ, ಪೆನ್ನು. ಸ್ಲೋ ಲಾಗ್ ಒಂದು ಕ್ವೆರಿಯನ್ನು ಬರೆಯುವುದು ಅದು ಮುಗಿದ ಮೇಲೆ. ಹಾಗಾಗಿ ನಮೂದಿನ ಮೇಲಿನ ಸಮಯ ಮುಗಿದ ಸಮಯ. ಅದರಿಂದ ಕ್ವೆರಿ_ಟೈಮ್ ಕಳೆದರೆ ಶುರುವಾದ ಸಮಯ. ಒಂದು ಕ್ವೆರಿ ಶುರುವಾದ ಸಮಯದಿಂದ ಅದರ ಹಿಂದಿನ ಕ್ವೆರಿ ಮುಗಿದ ಸಮಯ ಕಳೆಯಿರಿ. ಬರುವುದು ನಡುವಿನ ಮೌನ. ಉದಾಹರಣೆಗೆ, ಲಾಟ್‌ನ ಸಾಲು ಸೇರಿಸುವ ಇನ್ಸರ್ಟ್ ಮುಗಿದದ್ದು 12.040ನೇ ಸೆಕೆಂಡಿಗೆ. ಮುಂದಿನ ಅಪ್‌ಡೇಟ್ ಮುಗಿದದ್ದು 18.095ಕ್ಕೆ, ಅದರ ಕ್ವೆರಿ_ಟೈಮ್ 0.003. ಅಂದರೆ ಅದು ಶುರುವಾದದ್ದು 18.092ಕ್ಕೆ. ನಡುವೆ 6.052 ಸೆಕೆಂಡ್ ಡೇಟಾಬೇಸ್ ಕೈಕಟ್ಟಿ ಕೂತಿತ್ತು, ನಿಮ್ಮ ಪಿಎಚ್‌ಪಿ ಬೇರೆಲ್ಲೋ ಇತ್ತು. ಕೋಡ್‌ನಲ್ಲಿ ಆ ಎರಡು ಕ್ವೆರಿಗಳ ನಡುವೆ ಏನಿದೆ ನೋಡಿ. ಅಲ್ಲಿರುವವನೇ ಚಹಾ ಕುಡಿಯಲು ಹೋದ ಡ್ರೈವರ್.

ಇದನ್ನು ಕಣ್ಣಾರೆ ನೋಡಲೂ ಒಂದು ದಾರಿ ಇದೆ. ಎಲ್ಲರೂ ಕಾಯುತ್ತಿರುವ ಹೊತ್ತಿನಲ್ಲೇ ‘ಸಿಸ್’ ಸ್ಕೀಮಾದ ‘ಇನ್ನೋಡಿಬಿ_ಲಾಕ್_ವೇಟ್ಸ್’ ಎಂಬ ವ್ಯೂವನ್ನು (ಟೇಬಲ್ಲಿನಂತೆ ಓದಬಹುದಾದ ಸಿದ್ಧ ನೋಟ) ಸೆಲೆಕ್ಟ್ ಮಾಡಿ. ಕಾಯುತ್ತಿರುವ ಕ್ವೆರಿ ಯಾವುದು, ಅದನ್ನು ತಡೆದಿರುವ ಕನೆಕ್ಷನ್ ಯಾವುದು ಎಂದು ಒಂದೇ ಸಾಲಿನಲ್ಲಿ ತೋರಿಸುತ್ತದೆ. ತಡೆದವನ ಕ್ವೆರಿ ಇರಬೇಕಾದ ಜಾಗದಲ್ಲಿ ನಿಮಗೆ ‘ನಲ್’ (ಖಾಲಿ) ಕಾಣುತ್ತದೆ ಎಂಬುದು ನನ್ನ ಅಂದಾಜು. ತೆರೆದಿರುವ ಕನೆಕ್ಷನ್‌ಗಳನ್ನು ತೋರಿಸುವ ಪ್ರೋಸೆಸ್‌ಲಿಸ್ಟ್‌ನಲ್ಲಿ ಅದೇ ಕನೆಕ್ಷನ್ ‘ಸ್ಲೀಪ್’ ಎಂದಿರುತ್ತದೆ. ಹೊಸಬರು ಇಲ್ಲಿ ‘ಇದು ಮಲಗಿದೆ, ಇದರಿಂದೇನು ತೊಂದರೆ’ ಎಂದು ಮುಂದೆ ಹೋಗುತ್ತಾರೆ. ಮಲಗಿರುವುದು ಕ್ವೆರಿ ಮಾತ್ರ, ಟ್ರಾನ್ಸಾಕ್ಷನ್ ಎಚ್ಚರವಾಗಿಯೇ ಇದೆ, ಬೀಗದ ಕೈ ಅದರ ಜೇಬಿನಲ್ಲೇ ಇದೆ.

ಪರಿಹಾರಕ್ಕೆ ಬರೋಣ. ಎಸ್‌ಎಂಎಸ್ ಎಂದೇ ಇಟ್ಟುಕೊಂಡು ಹೇಳುತ್ತೇನೆ. ಅದನ್ನು ಟ್ರಾನ್ಸಾಕ್ಷನ್‌ಗಿಂತ ಮೊದಲು ಕಳುಹಿಸಲು ಹೋಗಬೇಡಿ. ಪಟ್ಟಿ ಉಳಿಯದೆ ಹೋದರೆ ಇಲ್ಲದ ಪಟ್ಟಿಯ ಸಂದೇಶ ರೈತನ ಕೈಯಲ್ಲಿರುತ್ತದೆ, ನಾಳೆ ಅಂಗಡಿ ಮುಂದೆ ಜಗಳ. ‘ಕಳುಹಿಸಬೇಕಾದ ಸಂದೇಶ’ ಎಂದು ಒಂದು ಟೇಬಲ್ ಮಾಡಿ, ಪಟ್ಟಿ ಉಳಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಅದಕ್ಕೂ ಒಂದು ಸಾಲು ಸೇರಿಸಿ ಕಮಿಟ್ ಮಾಡಿ (ಖಾಯಂ ಆಗಿ ಉಳಿಸಿ). ಬೇರೊಂದು ಸಣ್ಣ ಸ್ಕ್ರಿಪ್ಟ್ ಆ ಟೇಬಲ್ ನೋಡಿಕೊಂಡು ಒಂದೊಂದಾಗಿ ಕಳುಹಿಸುತ್ತಿರಲಿ. ಗೇಟ್‌ವೇ ಅರ್ಧ ಗಂಟೆ ಕೆಟ್ಟು ನಿಂತರೂ ಪಟ್ಟಿ ಕೊಡುವುದು ನಿಲ್ಲುವುದಿಲ್ಲ.

‘ಕ್ರಮಸಂಖ್ಯೆ ಟೇಬಲ್ಲೇ ಬೇಡ, ಆಟೋ ಇನ್‌ಕ್ರಿಮೆಂಟ್ ಹಾಕು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿ ಮುಂದಿನ ಸಂಖ್ಯೆಯನ್ನು ಡೇಟಾಬೇಸೇ ಕೊಡುತ್ತದೆ. ಬೀಗದ ಸಮಸ್ಯೆ ಅದರಿಂದ ಹೋಗುತ್ತದೆ, ಆದರೆ ರೋಲ್‌ಬ್ಯಾಕ್ ಆದಾಗ (ಟ್ರಾನ್ಸಾಕ್ಷನ್ ರದ್ದಾದಾಗ) ಆ ಸಂಖ್ಯೆ ಕಳೆದುಹೋಗುತ್ತದೆ. 412 ಆದ ಮೇಲೆ 414. ಆಡಿಟರ್ 413 ಎಲ್ಲಿ ಎಂದು ಕೇಳಿದರೆ ಉತ್ತರಿಸಬೇಕಾದವರು ನೀವು. ನಿಮ್ಮ ಟೇಬಲ್ ಇರಲಿ. ಅದನ್ನು ಮುಟ್ಟುವುದನ್ನು ಮಾತ್ರ ಟ್ರಾನ್ಸಾಕ್ಷನ್‌ನ ಕೊನೆಗೆ ಸರಿಸಿ: ಹುಡುಕುವುದು, ಲೆಕ್ಕ ಹಾಕುವುದು ಎಲ್ಲ ಮೊದಲು, ಸಂಖ್ಯೆ ತೆಗೆದುಕೊಂಡು, ಪಟ್ಟಿ ಬರೆದು, ತಕ್ಷಣ ಕಮಿಟ್. ಬೀಗ ಕೈಯಲ್ಲಿರುವುದು ಕೆಲವೇ ಮಿಲಿಸೆಕೆಂಡ್ ಆದರೆ ಏಳಲ್ಲ, ಎಪ್ಪತ್ತು ಕಂಪ್ಯೂಟರ್ ಇದ್ದರೂ ಸರದಿ ಗೊತ್ತಾಗುವುದಿಲ್ಲ.

ರ್‍ಯಾಮ್ ವಿಷಯ. ಬೀಗಕ್ಕೆ ಕಾಯುವವನಿಗೆ ರ್‍ಯಾಮ್‌ನಿಂದ ಏನೂ ಆಗುವುದಿಲ್ಲ, ಅದು ಬಿಡಿ. ಆದರೆ 16 ಜಿಬಿ ಹಾಕಿದಿರಲ್ಲ, ಅದನ್ನು ಮೈಎಸ್‌ಕ್ಯುಎಲ್‌ಗೆ ಹೇಳಿದಿರಾ? ‘ಇನ್ನೋಡಿಬಿ_ಬಫರ್_ಪೂಲ್_ಸೈಜ್’ ತಾನಾಗಿ ಇರುವುದು 128 ಎಂಬಿ. ನೀವು ಬದಲಿಸದಿದ್ದರೆ ಡೇಟಾ ಇಟ್ಟುಕೊಳ್ಳಲು ಅದು ಈಗಲೂ ಅಷ್ಟೇ ಜಾಗ ಬಳಸುತ್ತಿದೆ. ಪಿಎಚ್‌ಪಿಯೂ ಅದೇ ಯಂತ್ರದಲ್ಲಿದ್ದರೆ 8 ಜಿಬಿ ಕೊಟ್ಟು ನೋಡಿ.

ಸರದಿ ಕರಗಿದ ಮೇಲೆ ಅದೇ ಹತ್ತು ನಿಮಿಷದ ಲಾಗ್ ಇನ್ನೊಂದು ಕೆಲಸಕ್ಕೆ ಬರುತ್ತದೆ. ಇಲ್ಲಿಯವರೆಗೆ ಕಿರ್ದಿ ಓದಿದಿರಿ, ಅಂದರೆ ನಡೆದ ಕ್ರಮದಲ್ಲಿ. ಈಗ ಅದನ್ನು ಖಾತೆ ಪುಸ್ತಕಕ್ಕೆ ಏರಿಸಬೇಕು: ಒಂದೇ ಬಗೆಯ ಕ್ವೆರಿಗಳನ್ನೆಲ್ಲ ಒಂದೇ ಖಾತೆಗೆ ಹಾಕಿ ಒಟ್ಟು ಮೊತ್ತ. ಮೈಎಸ್‌ಕ್ಯುಎಲ್ ಜೊತೆಗೇ ಬರುವ ‘ಮೈಎಸ್‌ಕ್ಯುಎಲ್‌ಡಂಪ್‌ಸ್ಲೋ’ ಅದನ್ನು ಮಾಡುತ್ತದೆ. ಪರ್ಕೋನಾ ಟೂಲ್‌ಕಿಟ್‌ನ ‘ಪಿಟಿ-ಕ್ವೆರಿ-ಡೈಜೆಸ್ಟ್’ ಇನ್ನೂ ಚೆನ್ನಾಗಿ ಮಾಡುತ್ತದೆ. ವಿಂಗಡಿಸುವಾಗ ಒಂದು ಸಲಕ್ಕೆ ಹಿಡಿದ ಹೊತ್ತು ನೋಡಬೇಡಿ, ಒಟ್ಟು ಹೊತ್ತು ನೋಡಿ. ದಿನಕ್ಕೊಮ್ಮೆ ನಾಲ್ಕು ಸೆಕೆಂಡ್ ತಿನ್ನುವ ವರದಿಗಿಂತ, ಪ್ರತಿ ಅಕ್ಷರ ಟೈಪ್ ಮಾಡಿದಾಗಲೂ ಅರ್ಧ ಸೆಕೆಂಡ್ ತಿನ್ನುವ ಹುಡುಕಾಟ ದೊಡ್ಡ ಸಾಲಗಾರ.

ನಿಮ್ಮ ತುಣುಕಿನ ತುದಿಯಲ್ಲೇ ಅಂಥದ್ದೊಂದು ಕಂಡಿತು. ಮೈಎಸ್‌ಕ್ಯುಎಲ್ ಮರುಚಾಲನೆಯಾದ ಮೇಲಿನ ಮೊದಲ ನಮೂದು. ಡಿಸ್ಕಿನಿಂದ ಓದಬೇಕಾಗಿ ಬಂದದ್ದರಿಂದಲೇ ಹತ್ತು ಸೆಕೆಂಡ್ ದಾಟಿ ಲಾಗ್‌ಗೆ ಬಂದಿದೆ. ಲಾಟ್ ಟೇಬಲ್ಲಿನಲ್ಲಿ ರೈತನ ಮೊಬೈಲ್ ಸಂಖ್ಯೆ ಹಿಡಿದು ಹಳೆ ಬಾಕಿ ಹುಡುಕುವ ಕ್ವೆರಿ. ರೋಸ್_ಎಕ್ಸಾಮಿನ್ಡ್ ಆರು ಲಕ್ಷ ಚಿಲ್ಲರೆ, ರೋಸ್_ಸೆಂಟ್ 3. ಮೊಬೈಲ್ ಕಾಲಂ ವಾರ್‌ಕ್ಯಾರ್ (ಅಕ್ಷರದ ಬಗೆ) ಅಂತ ನೀವೇ ಬರೆದಿದ್ದೀರಿ, ಅದಕ್ಕೆ ಇಂಡೆಕ್ಸೂ ಇದೆ. ಆದರೆ ಕ್ವೆರಿಯಲ್ಲಿ ಸಂಖ್ಯೆಯ ಆಚೀಚೆ ಉದ್ಧರಣ ಚಿಹ್ನೆ ಇಲ್ಲ! ಅಕ್ಷರದ ಕಾಲಂ ಅನ್ನು ಅಂಕಿಯ ಜೊತೆ ಹೋಲಿಸು ಎಂದರೆ ಮೈಎಸ್‌ಕ್ಯುಎಲ್ ಪ್ರತಿ ಸಾಲಿನ ಅಕ್ಷರವನ್ನೂ ಅಂಕಿಯಾಗಿ ಪರಿವರ್ತಿಸಿ ನೋಡುತ್ತದೆ. ಇಂಡೆಕ್ಸ್ ಇದ್ದೂ ಕೆಲಸಕ್ಕೆ ಬಾರದು. ಎಲ್ಲಕ್ಕಿಂತ ಸರಿಯಾದ ದಾರಿ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಕ್ವೆರಿ ಬೇರೆ, ಅದಕ್ಕೆ ತುಂಬುವ ಮಾಹಿತಿ ಬೇರೆಯಾಗಿ ಕೊಡುವ ಕ್ರಮ) ಬಳಸಿ ಅದನ್ನು ಸ್ಟ್ರಿಂಗ್ ಆಗಿ ಬೈಂಡ್ ಮಾಡುವುದು. ತಿದ್ದುವ ಮೊದಲೊಮ್ಮೆ, ತಿದ್ದಿದ ಮೇಲೊಮ್ಮೆ, ಕ್ವೆರಿ ಹೇಗೆ ಓಡಿತೆಂದು ತೋರಿಸುವ ‘ಎಕ್ಸ್‌ಪ್ಲೇನ್ ಅನಲೈಜ್’ ಹಾಕಿ ಹೋಲಿಸಿ. ಅದು ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ ಎಂಬುದು ನೆನಪಿರಲಿ, 8.0.18ಕ್ಕಿಂತ ಹಳೆಯ ಆವೃತ್ತಿಯಲ್ಲಿ ಇಲ್ಲ. ಅದು ತೋರಿಸುವ ಹೊತ್ತು ಒಂದು ಸುತ್ತಿನ ಸರಾಸರಿ, ಆದ್ದರಿಂದ ಪಕ್ಕದಲ್ಲಿರುವ ‘ಲೂಪ್ಸ್’ ಅಂಕಿಯಿಂದ ಗುಣಿಸಿಯೇ ಓದಬೇಕು. ಎಲ್ಲೋ ಒಳಗೆ 0.02 ಮಿಲಿಸೆಕೆಂಡ್ ಎಂದು ಮುಗ್ಧವಾಗಿ ಕೂತ ಸಾಲು ಐವತ್ತು ಸಾವಿರ ಸಲ ಓಡಿರುತ್ತದೆ.

ದಿನದ ವಹಿವಾಟಿನ ವರದಿಯನ್ನೂ ಒಂದು ಐಡಿ ಹಿಡಿದು ನೋಡಿ. ನಾನೂರು ಲಾಟ್ ಇದ್ದರೆ ನಾನೂರು ಸಲ ‘ಈ ಖರೀದಿದಾರನ ಹೆಸರೇನು’ ಎಂಬ ಒಂದೇ ಕ್ವೆರಿ ಸಾಲಾಗಿ ಕಂಡರೆ ಜಾಯಿನ್ ಮಾಡಿ (ಎರಡೂ ಟೇಬಲ್ ಜೋಡಿಸಿ) ಒಂದೇ ಸಲ ತನ್ನಿ. ಸರ್ವರ್ ಅಂಗಡಿಯಲ್ಲೇ ಇರುವವರೆಗೆ ಇದು ಅಷ್ಟಾಗಿ ಬಾಧಿಸುವುದಿಲ್ಲ. ನಾಳೆ ಮಾಲೀಕರು ಡೇಟಾಬೇಸ್ ಅನ್ನು ಕ್ಲೌಡ್‌ಗೆ ಹಾಕೋಣ ಎಂದರೆ, ಹೋಗಿ ಬರುವುದಕ್ಕೆ 30 ಮಿಲಿಸೆಕೆಂಡ್ ಹಿಡಿದರೂ ನಾನೂರು ಸಲಕ್ಕೆ ಹನ್ನೆರಡು ಸೆಕೆಂಡ್ ಆಯಿತು.

ಬೇರೆ ಡೇಟಾಬೇಸ್ ಬಳಸುವವರಿಗೆ: ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕೆಲಸಕ್ಕೆ ‘ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್’ ಅನ್ನು ಸೊನ್ನೆ ಮಾಡಬೇಕು, ಖಾತೆ ಪುಸ್ತಕಕ್ಕೆ ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ ಇದೆ, ಬೀಗ ಹಿಡಿದು ಮಲಗಿದವನು ಅಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತಾನೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಹಳೆಯ ಪ್ರೊಫೈಲರ್ ಬದಲು ಎಕ್ಸ್‌ಟೆಂಡೆಡ್ ಇವೆಂಟ್ಸ್ ಬಳಸಿ. ಒರಾಕಲ್‌ನವರಿಗೆ 10046 ಟ್ರೇಸ್ ಇದೆ. ಅದನ್ನು 8ನೇ ಹಂತದಲ್ಲಿ ಹಾಕಿದರೆ ಕಾಯುವಿಕೆಯೂ ಬರುತ್ತದೆ, ನಾವು ಪೆನ್ನು ಹಿಡಿದು ಕಳೆದು ತೆಗೆದ ಮೌನವನ್ನು ಅದು ಹೆಸರು ಹಾಕಿಯೇ ಬರೆದುಕೊಡುತ್ತದೆ. ಆ ವಿಷಯದಲ್ಲಿ ಒರಾಕಲ್‌ನವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ.

ಒಂದು ಮಾತು ಉಳಿಯಿತು. ನೀವು ಕಳುಹಿಸಿದ ತುಣುಕಿನಲ್ಲಿ ರೈತರ ಹೆಸರು, ಮೊಬೈಲ್, ಎರಡು ಕಡೆ ಬ್ಯಾಂಕ್ ಖಾತೆ ಸಂಖ್ಯೆ ಹಾಗೇ ಇದ್ದವು. ಸ್ಲೋ ಲಾಗ್ ಕ್ವೆರಿಯನ್ನು ಅದರೊಳಗಿನ ಹೆಸರು, ಅಂಕಿಗಳ ಸಮೇತ ಬರೆಯುತ್ತದೆ. ನನ್ನ ಪ್ರತಿಯನ್ನು ಅಳಿಸಿದ್ದೇನೆ. ನೀವು ಬೇರೆ ಯಾರಿಗೆ, ಯಾವ ವಾಟ್ಸಾಪ್ ಗುಂಪಿಗೆ ಹಾಕಿದ್ದೀರೋ ಅಲ್ಲಿಂದಲೂ ಅಳಿಸಿ. ಎಸ್‌ಎಂಎಸ್ ಹೊರಗೆ ತೆಗೆದ ಮೇಲೂ ತಡ ಉಳಿದರೆ ಮತ್ತೆ ಬರೆಯಿರಿ. ಆಗ ಲಾಗ್ ಅನ್ನು ಮೈಎಸ್‌ಕ್ಯುಎಲ್‌ಡಂಪ್‌ಸ್ಲೋ ಮೂಲಕ ಹಾಯಿಸಿ ಕಳುಹಿಸಿ. ಅದು ಅಂಕಿಗಳ ಜಾಗದಲ್ಲಿ ‘ಎನ್’, ಹೆಸರುಗಳ ಜಾಗದಲ್ಲಿ ‘ಎಸ್’ ಎಂದು ಹಾಕಿ ಕೊಡುತ್ತದೆ. ನನಗೆ ಅಷ್ಟು ಸಾಕು.